ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ಬೇಕಾದ ಭಾಷೆಯಲ್ಲಿ ಬರೆಯಿರಿ: ಡಿಗ್ರಿ ವಿದ್ಯಾರ್ಥಿಗಳಿಗೆ ಓದು-ಬರಹದ ಮಾರ್ಗದರ್ಶಿ

ಎಸ್ಸೆಸ್ಸೆಲ್ಸಿವರೆಗೆ, ಕೆಲವರು ಪಿಯುಸಿವರೆಗೂ ಕನ್ನಡ ಮಾಧ್ಯಮದಲ್ಲೇ ಓದಿರುತ್ತಾರೆ. ಡಿಗ್ರಿಗೆ ಬಂದ ಕೂಡಲೇ ಪಾಠ ಇಂಗ್ಲಿಷ್, ಪುಸ್ತಕ ಇಂಗ್ಲಿಷ್, ಅಸೈನ್‌ಮೆಂಟ್ ಕೂಡ ಇಂಗ್ಲಿಷ್. ಮೂರನೇ ವಾರದ ಹೊತ್ತಿಗೆ 'ನಂಗೆ ಇಂಗ್ಲಿಷ್ ಬರಲ್ಲ, ಅದಕ್ಕೇ ಇದು ಆಗ್ತಿಲ್ಲ' ಎಂದು ತೀರ್ಮಾನಿಸಿಬಿಡುತ್ತಾರೆ.

ಅದು ಅರ್ಧ ನಿಜ ಅಷ್ಟೇ. ಕಾನ್ವೆಂಟ್‌ನಲ್ಲಿ ಓದಿ ಬಂದ ಪಕ್ಕದ ಬೆಂಚಿನವರನ್ನು ಕೇಳಿ ನೋಡಿ. ನಲವತ್ತು ಪುಟದ ಅಧ್ಯಾಯವನ್ನು ಎರಡು ಪುಟಕ್ಕೆ ಇಳಿಸುವುದು ಹೇಗೆ, 'ಡಿಸ್ಕಸ್' ಎಂಬ ಪ್ರಶ್ನೆಗೆ ಏನು ಬರೆಯಬೇಕು, ಬೇರೆಯವರ ಮಾತನ್ನು ಹೇಗೆ ಬಳಸಿಕೊಳ್ಳಬೇಕು ಅಂತ ಅವರಿಗೂ ಯಾರೂ ಹೇಳಿಕೊಟ್ಟಿರುವುದಿಲ್ಲ. ಅವರು ಇಂಗ್ಲಿಷ್‌ನಲ್ಲಿ ಒದ್ದಾಡುತ್ತಿರುತ್ತಾರೆ, ನೀವು ಕನ್ನಡದಲ್ಲಿ ಒದ್ದಾಡುತ್ತಿರುತ್ತೀರಿ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಇದನ್ನು ಕಲಿಸಲಿಕ್ಕೇ ಪ್ರತ್ಯೇಕ ಕೇಂದ್ರಗಳಿವೆ. ಇಲ್ಲಿಂದ ಎಂಎಸ್ ಮಾಡಲು ಹೋದ ಎಷ್ಟೋ ನಮ್ಮ ಹುಡುಗರು ಅಸೈನ್‌ಮೆಂಟ್ ಬರೆಯುವುದು ಹೇಗೆ ಅಂತ ಕಲಿಯುವುದು ಅಲ್ಲಿನ ರೈಟಿಂಗ್ ಸೆಂಟರ್‌ಗಳಲ್ಲಿ. ನಮ್ಮ ಕಾಲೇಜುಗಳಲ್ಲಿ ಅಂಥ ವ್ಯವಸ್ಥೆ ಕಡಿಮೆ. ಹಾಗಾಗಿ ನಾವೇ ಕಟ್ಟಿಕೊಳ್ಳಬೇಕು.

ಇಡೀ ಲೇಖನದಲ್ಲಿ ನಾನು ಪಟ್ಟು ಹಿಡಿದು ಹೇಳುವುದು ಒಂದೇ. ಅರ್ಥ ಮಾಡಿಕೊಳ್ಳುವ ಕೆಲಸವನ್ನು ಕನ್ನಡದಲ್ಲಿ ಮುಗಿಸಿ. ಇಂಗ್ಲಿಷ್‌ನಲ್ಲಿ ಬರೆಯುವುದು ಅದರ ನಂತರದ ಕೆಲಸ. ಎರಡನ್ನೂ ಒಟ್ಟಿಗೆ ಮಾಡಲು ಹೋದಾಗಲೇ ಉರು ಹೊಡೆಯುವ ಚಾಳಿ ಶುರುವಾಗುವುದು.

ಹೆಜ್ಜೆ 1: ಮೊದಲ ವಾರವೇ ಸಿಲಬಸ್ ಕೈಗೆ ತೆಗೆದುಕೊಳ್ಳಿ

ವಿಶ್ವವಿದ್ಯಾಲಯದ ವೆಬ್‌ಸೈಟ್‌ನಲ್ಲಿ ಸಿಲಬಸ್ ಪಿಡಿಎಫ್ ಇರುತ್ತದೆ. ನಿಮ್ಮ ಸೆಮಿಸ್ಟರಿನ ಪುಟಗಳನ್ನು ಪ್ರಿಂಟ್ ಹಾಕಿಸಿ. ಮೊಬೈಲ್‌ನಲ್ಲಿದ್ದರೆ ಯಾರೂ ತೆಗೆದು ನೋಡುವುದಿಲ್ಲ, ಇದು ಸತ್ಯ. ಕರ್ನಾಟಕದಲ್ಲಿ 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪ್ರಕಾರ ನಾಲ್ಕು ವರ್ಷದ ಪಠ್ಯಕ್ರಮ ಬಂತು, 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅಂದರೆ ನಿಮ್ಮ ಸೀನಿಯರ್ ಕೊಡುವ ನೋಟ್ಸ್ ಬೇರೆ ಸ್ಕೀಮಿನದಾಗಿರಬಹುದು. ಪಡೆಯುವ ಮೊದಲು ವರ್ಷ ನೋಡಿ.

ಆ ಪ್ರಿಂಟಿನ ಮೇಲೆ ಮೂರು ವಿಷಯ ಬರೆದುಕೊಳ್ಳಿ. ಐಎಗೆ (ಇಂಟರ್ನಲ್ ಅಸೆಸ್‌ಮೆಂಟ್, ಅಂದರೆ ಆಂತರಿಕ ಮೌಲ್ಯಮಾಪನಕ್ಕೆ) ಎಷ್ಟು ಅಂಕ, ಅದು ಹೇಗೆ ಹಂಚಿಕೆಯಾಗಿದೆ. ಹಾಜರಾತಿ ಎಷ್ಟಿರಬೇಕು (ಎಂಜಿನಿಯರಿಂಗ್ ಕಾಲೇಜುಗಳ ವಿಟಿಯುನಲ್ಲಿ ಶೇ 85, ಸಾಮಾನ್ಯ ಪದವಿಗಳಲ್ಲಿ ಶೇ 75 ಕೇಳುವುದು ರೂಢಿ). ಮತ್ತೆ, ಸೂಚಿಸಿದ ಪುಸ್ತಕಗಳಲ್ಲಿ ನಿಮ್ಮ ಲೈಬ್ರರಿಯಲ್ಲಿ ಯಾವುದಿದೆ.

ಪರೀಕ್ಷೆಯ ಭಾಷೆಯನ್ನೂ ಈಗಲೇ ವಿಚಾರಿಸಿ. ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಬಿಎ, ಬಿಕಾಂನ ಎಷ್ಟೋ ವಿಷಯಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶ ಇದೆ. 2023ರ ಏಪ್ರಿಲ್‌ನಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕೂಡ ಎಲ್ಲ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದು, ಕೋರ್ಸ್ ಇಂಗ್ಲಿಷ್ ಮಾಧ್ಯಮದಲ್ಲಿದ್ದರೂ ಸ್ಥಳೀಯ ಭಾಷೆಯಲ್ಲಿ ಉತ್ತರ ಬರೆಯಲು ಬಿಡಿ ಎಂದು ಕೇಳಿತು. ಅದು ಕೋರಿಕೆ, ಕಟ್ಟಳೆ ಅಲ್ಲ. ನಿಮ್ಮ ವಿವಿಯಲ್ಲಿ ಏನು ನಿಯಮ ಎಂದು ಪರೀಕ್ಷಾ ವಿಭಾಗದಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ. ಪರೀಕ್ಷೆಯ ಹಿಂದಿನ ದಿನ ಕೇಳುವ ಪ್ರಶ್ನೆ ಇದಲ್ಲ.

ಕಳೆದ ಮೂರ್ನಾಲ್ಕು ವರ್ಷದ ಪ್ರಶ್ನೆಪತ್ರಿಕೆಗಳನ್ನೂ ಈಗಲೇ ಜೆರಾಕ್ಸ್ ಮಾಡಿಸಿಡಿ. 'ಇಂಪಾರ್ಟೆಂಟ್' ಹುಡುಕುವುದಕ್ಕಲ್ಲ. ಯಾವ ಘಟಕದಿಂದ ಯಾವ ಬಗೆಯ ಪ್ರಶ್ನೆ ಬರುತ್ತದೆ ಎಂದು ಗೊತ್ತಿದ್ದರೆ ಓದುವಾಗ ಕಣ್ಣು ಎಲ್ಲಿ ನಿಲ್ಲಬೇಕು ಅಂತ ತಿಳಿಯುತ್ತದೆ.

ಹೆಜ್ಜೆ 2: ನೋಟ್ಸ್ ಎಂದರೆ ಡಿಕ್ಟೇಶನ್ ಅಲ್ಲ

ನಮ್ಮ ಅನೇಕ ಕಾಲೇಜುಗಳಲ್ಲಿ ಮೇಷ್ಟ್ರು ಹೇಳುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ಗಂಟೆ ಹೊಡೆಯುತ್ತದೆ. ಆ ಒಂದು ಗಂಟೆಯಲ್ಲಿ ಕೈ ಮಾತ್ರ ಕೆಲಸ ಮಾಡಿರುತ್ತದೆ. ಡಿಕ್ಟೇಟ್ ಮಾಡುವ ಮೇಷ್ಟ್ರನ್ನು ಬದಲಾಯಿಸಲು ನಮ್ಮಿಂದ ಆಗುವುದಿಲ್ಲ, ಆದರೆ ಪುಟವನ್ನು ಬದಲಾಯಿಸಬಹುದು.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಪೌಕ್ ಎಂಬ ಪ್ರಾಧ್ಯಾಪಕರು ರೂಪಿಸಿದ ಒಂದು ವಿಧಾನ ಈಗ ಎಲ್ಲ ಕಡೆ ಬಳಕೆಯಲ್ಲಿದೆ. ಪುಟದ ಎಡಗಡೆ ಮೂರು ಬೆರಳಷ್ಟು ಜಾಗ ಬಿಟ್ಟು ಉದ್ದಕ್ಕೆ ಗೆರೆ ಎಳೆಯಿರಿ. ಕೆಳಗೆ ಐದಾರು ಸಾಲು ಖಾಲಿ ಬಿಡಿ. ಬಲಗಡೆಯ ದೊಡ್ಡ ಜಾಗದಲ್ಲಿ ತರಗತಿಯಲ್ಲಿ ಕೇಳಿದ್ದು. ಎಡಗಡೆ, ಅದೇ ದಿನ ಸಂಜೆ ನೀವೇ ಬರೆಯುವ ಪ್ರಶ್ನೆಗಳು. ಕೆಳಗೆ, ಆ ಪುಟದ ಸಾರ.

ನಾನು ಸೇರಿಸುವ ತಿದ್ದುಪಡಿ ಇಷ್ಟೇ. ಬಲಗಡೆ ಏನು ಕಿವಿಗೆ ಬಿತ್ತೋ ಅದೇ ಭಾಷೆಯಲ್ಲಿ ಬರೆಯಿರಿ, ಕಂಗ್ಲಿಷ್ ಆದರೂ ಚಿಂತೆಯಿಲ್ಲ. ಕೆಳಗಿನ ಸಾರ ಮಾತ್ರ ಕಡ್ಡಾಯವಾಗಿ ಕನ್ನಡದಲ್ಲಿ, ಆಡುಮಾತಿನಲ್ಲಿ. ಊರಿನಲ್ಲಿರುವ ತಂಗಿಗೆ ಫೋನಿನಲ್ಲಿ ಹೇಳುವ ಹಾಗೆ. ಬರೆಯಲು ಆಗಲಿಲ್ಲ ಅಂದರೆ ಆ ಪಾಠ ಅರ್ಥ ಆಗಿಲ್ಲ ಎಂದು ಗೊತ್ತಾಯಿತು. ಆ ಪುಟದ ಮೂಲೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ನಾಳೆ ಕೇಳಬೇಕಾದದ್ದು ಅದೇ.

ಬೋರ್ಡಿನ ಫೋಟೊ ತೆಗೆದುಕೊಂಡರೆ ಸಾಕಲ್ವಾ ಎಂದು ಕೇಳುತ್ತಾರೆ. ಚಿತ್ರ, ಗ್ರಾಫ್, ಉದ್ದದ ಲೆಕ್ಕ ಇದ್ದರೆ ತೆಗೆಯಿರಿ. ಮಿಕ್ಕಿದ್ದಕ್ಕೆ ಬೇಡ. ಗ್ಯಾಲರಿಯಲ್ಲಿ ಬಿದ್ದಿರುವ ನಾನೂರು ಫೋಟೊ ಯಾರೂ ಮತ್ತೆ ತೆರೆಯುವುದಿಲ್ಲ.

ಹೆಜ್ಜೆ 3: ಇಂಗ್ಲಿಷ್ ಪುಸ್ತಕವನ್ನು ಮೊದಲ ಸಾಲಿನಿಂದ ಓದಬೇಡಿ

ಜಾಸ್ತಿ ಜನ ಸೋಲುವುದು ಇಲ್ಲಿ. ಪುಸ್ತಕ ತೆರೆದು ಮೊದಲ ಸಾಲಿನಿಂದ ಶುರು ಮಾಡುತ್ತಾರೆ. ಪ್ರತಿ ಕಷ್ಟದ ಪದಕ್ಕೂ ಡಿಕ್ಷನರಿ ನೋಡುತ್ತಾರೆ. ಅರ್ಧ ಗಂಟೆಯಲ್ಲಿ ಒಂದು ಪುಟ. ನಿದ್ದೆ ಬರುತ್ತದೆ. ತಪ್ಪು ಓದುವವರದಲ್ಲ, ಓದುವ ಕ್ರಮದ್ದು.

ಕ್ರಮ ಹೀಗಿರಲಿ. ಮೊದಲ ಹತ್ತು ನಿಮಿಷ ಓದಲೇಬೇಡಿ, ಸುಮ್ನೆ ತಿರುವಿ ಹಾಕಿ. ಅಧ್ಯಾಯದ ತಲೆಬರಹ, ಉಪಶೀರ್ಷಿಕೆ, ದಪ್ಪಕ್ಷರದ ಪದಗಳು, ಚಿತ್ರಗಳ ಕೆಳಗಿನ ಸಾಲು, ಕೊನೆಯ ಸಾರಾಂಶ, ಅಭ್ಯಾಸದ ಪ್ರಶ್ನೆಗಳು. ಇಷ್ಟನ್ನು ನೋಡಿ. ಆಮೇಲೆ ಪ್ರತಿ ಉಪಶೀರ್ಷಿಕೆಯನ್ನೂ ಒಂದು ಕನ್ನಡ ಪ್ರಶ್ನೆಯಾಗಿ ಮಾಡಿಕೊಳ್ಳಿ. ಈಗ ಓದಲು ಕುಳಿತರೆ ನೀವು ಉತ್ತರ ಹುಡುಕುತ್ತಿರುತ್ತೀರಿ. ಉತ್ತರ ಸಿಕ್ಕ ಕೂಡಲೇ ಮುಂದಕ್ಕೆ ಹೋಗಬಹುದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬಿಕಾಂ, ಬಿಎ ಎರಡರಲ್ಲೂ ಬರುವ ಅರ್ಥಶಾಸ್ತ್ರದ ಪಾಠ, 'ಪ್ರೈಸ್ ಇಲಾಸ್ಟಿಸಿಟಿ ಆಫ್ ಡಿಮ್ಯಾಂಡ್'. ಪುಸ್ತಕದ ವ್ಯಾಖ್ಯೆ ಎರಡು ಸಾಲು ಉದ್ದ. ಬೆಲೆಯಲ್ಲಾದ ಶೇಕಡಾವಾರು ಬದಲಾವಣೆಗೆ ಪ್ರತಿಯಾಗಿ ಬೇಡಿಕೆಯ ಪ್ರಮಾಣದಲ್ಲಾದ ಶೇಕಡಾವಾರು ಬದಲಾವಣೆ, ಎನ್ನುವ ಧಾಟಿ. ಇದನ್ನು ಬಾಯಿಪಾಠ ಮಾಡಿದವರಿಗೆ ಲೆಕ್ಕ ಕೊಟ್ಟರೆ ಯಾವುದನ್ನು ಮೇಲೆ ಹಾಕಬೇಕು, ಯಾವುದನ್ನು ಕೆಳಗೆ ಹಾಕಬೇಕು ಎಂದೇ ಗೊತ್ತಾಗುವುದಿಲ್ಲ.

ಈಗ ಕನ್ನಡದಲ್ಲಿ ಪ್ರಶ್ನೆ ಮಾಡಿಕೊಳ್ಳಿ: 'ಬೆಲೆ ಏರಿಸಿದರೆ ಗಿರಾಕಿ ಎಷ್ಟು ಬೇಗ ಓಡಿಹೋಗುತ್ತಾನೆ?' ಒಂದು ಹೋಟೆಲಿನಲ್ಲಿ ಮಸಾಲೆ ದೋಸೆ 50 ರೂಪಾಯಿ, ದಿನಕ್ಕೆ 200 ದೋಸೆ ಮಾರಾಟ ಅಂದುಕೊಳ್ಳಿ. ಬೆಲೆ 60ಕ್ಕೆ ಏರಿತು. ಶೇ 20ರಷ್ಟು ಏರಿಕೆ. ಮಾರಾಟ 140ಕ್ಕೆ ಇಳಿಯಿತು. ಶೇ 30ರಷ್ಟು ಇಳಿಕೆ. 30ನ್ನು 20ರಿಂದ ಭಾಗಿಸಿದರೆ 1.5. ಒಂದಕ್ಕಿಂತ ಜಾಸ್ತಿ, ಹಾಗಾಗಿ ದೋಸೆಯ ಬೇಡಿಕೆ 'ಇಲಾಸ್ಟಿಕ್'. ಯಾಕೆ? ಎದುರುಗಡೆ ಇನ್ನೊಂದು ಹೋಟೆಲ್ ಇದೆ, ಮನೆಯಲ್ಲಿ ಉಪ್ಪಿಟ್ಟೂ ಇದೆ. ಮಾಲೀಕನಿಗೇನಾಯಿತು? ಮೊದಲು ದಿನಕ್ಕೆ 10,000 ರೂಪಾಯಿ ಬರುತ್ತಿತ್ತು, ಈಗ 8,400. ಬೆಲೆ ಏರಿಸಿ ಕಳೆದುಕೊಂಡ. ಅದೇ ಉಪ್ಪಿನ ಬೆಲೆ ಏರಿದರೆ? ಸಾರಿಗೆ ಹಾಕುವ ಉಪ್ಪನ್ನು ಯಾರೂ ಕಡಿಮೆ ಮಾಡುವುದಿಲ್ಲ. ಉತ್ತರ ಸೊನ್ನೆಯ ಹತ್ತಿರ ಬರುತ್ತದೆ.

ಇಷ್ಟು ಅರ್ಥವಾದ ಮೇಲೆ ಪುಸ್ತಕದ ಇಂಗ್ಲಿಷ್ ವ್ಯಾಖ್ಯೆಗೆ ವಾಪಸ್ ಹೋಗಿ. ಅದೇ ಎರಡು ಸಾಲು ಈಗ ಓದಿದ ಕೂಡಲೇ ತಿಳಿಯುತ್ತದೆ. 'ಬದಲಿ ವಸ್ತು ಇದ್ದರೆ ಬೇಡಿಕೆ ಇಲಾಸ್ಟಿಕ್' ಎಂಬ ಮುಂದಿನ ಪ್ಯಾರಾವನ್ನು ನೀವು ಆಗಲೇ ಎದುರುಗಡೆಯ ಹೋಟೆಲಿನಲ್ಲಿ ಓದಿಯಾಗಿದೆ.

ಪದಗಳ ವಿಷಯ. ಪ್ರತಿ ಪದಕ್ಕೂ ನಿಲ್ಲಬೇಡಿ. ಒಂದು ಪದ ಒಂದೇ ಪುಟದಲ್ಲಿ ಮೂರನೇ ಸಲ ಕಂಡರೆ ಮಾತ್ರ ನೋಡಿ. ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ವಿಷಯವಾರು ಪದಪಟ್ಟಿ ಇಡಿ: ಪದ, ಕನ್ನಡದಲ್ಲಿ ಅರ್ಥ, ಅದನ್ನು ಬಳಸಿ ಒಂದು ವಾಕ್ಯ. ಯಾವ ವಿಷಯದಲ್ಲಾದರೂ ಒಂದು ಸೆಮಿಸ್ಟರಿಗೆ ಬೇಕಾಗುವ ಮುಖ್ಯ ಪದಗಳು ನಾವು ಹೆದರುವಷ್ಟು ಇರುವುದಿಲ್ಲ, ಅವೇ ಮತ್ತೆ ಮತ್ತೆ ಬರುತ್ತವೆ.

ಗೂಗಲ್ ಲೆನ್ಸ್ ಹಿಡಿದರೆ ಇಡೀ ಪುಟ ಕನ್ನಡಕ್ಕೆ ಬರುತ್ತದೆ. ಬಳಸಿ, ಬೇಡ ಅನ್ನುವುದಿಲ್ಲ. ಆದರೆ ತಾಂತ್ರಿಕ ಪದಗಳಲ್ಲಿ ಅದು ಎಡವುತ್ತದೆ. ಮೊದಲು ನೀವು ಒಂದು ಸುತ್ತು ಓದಿ, ಆಮೇಲೆ ಅದನ್ನು ನೋಡಿ. ತಿರುವುಮುರುವಾದರೆ ಇಂಗ್ಲಿಷ್ ಓದುವ ಅಭ್ಯಾಸವೇ ಆಗುವುದಿಲ್ಲ.

ಪುಸ್ತಕ ಒಗ್ಗದಿದ್ದರೆ ಬೇರೆ ದಾರಿಗಳಿವೆ. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ವಿಡಿಯೊ ಉಪನ್ಯಾಸಗಳು ಉಚಿತ. ಕೆಲವು ಕೋರ್ಸುಗಳ ಪಠ್ಯ ಕನ್ನಡ ಅನುವಾದದಲ್ಲೂ ಸಿಗುತ್ತದೆ. ಕೇಂದ್ರ ಸರ್ಕಾರದ 'ಸ್ವಯಂ' ಎಂಬ ಆನ್‌ಲೈನ್ ಕೋರ್ಸ್ ಪೋರ್ಟಲ್‌ನಲ್ಲಿ ಕೋರ್ಸ್ ಓದುವುದು ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಎಂಎ, ಎಂಎಸ್‌ಸಿಯವರಿಗೆ ಇ-ಪಿಜಿ ಪಾಠಶಾಲಾ ಎಂಬ ಉಚಿತ ಆನ್‌ಲೈನ್ ಪಾಠಗಳ ತಾಣ ಇದೆ. ಐಐಟಿ ಖರಗ್‌ಪುರ ನಡೆಸುವ ನ್ಯಾಷನಲ್ ಡಿಜಿಟಲ್ ಲೈಬ್ರರಿಯಲ್ಲಿ ಒಂದು ಖಾತೆ ತೆರೆದಿಡಿ.

ಹೆಜ್ಜೆ 4: ಪುಸ್ತಕ ಮುಚ್ಚಿ ಓದಿ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಎಷ್ಟು ವೇಗವಾಗಿ ಮರೆತುಹೋಗುತ್ತದೆ ಎಂದು ತೋರಿಸಿದ್ದರು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಠ್ಯ ಕೊಟ್ಟರು. ಕೆಲವರು ಅದನ್ನು ಮತ್ತೆ ಓದಿದರು. ಕೆಲವರು ಪಠ್ಯ ಬದಿಗಿಟ್ಟು ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ ಬರೆದವರು ಮುಂದಿದ್ದರು.

ಹೈಲೈಟರ್ ಹಿಡಿದು ನಾಲ್ಕು ಸಲ ಓದಿದಾಗ 'ಬಂತು' ಅನ್ನಿಸುವುದು ಈ ಐದು ನಿಮಿಷದ ಮೋಸ. ಪುಟ ಎದುರಿಗಿರುವಾಗ ಎಲ್ಲರಿಗೂ ಎಲ್ಲ ಗೊತ್ತು.

ಮಾಡಬೇಕಾದದ್ದು ಸರಳ. ಎರಡನೇ ಹೆಜ್ಜೆಯಲ್ಲಿ ಎಡಗಡೆ ಬರೆದ ಪ್ರಶ್ನೆಗಳಿವೆಯಲ್ಲ, ಬಲಗಡೆಯನ್ನು ಕೈಯಿಂದ ಮುಚ್ಚಿ ಅವಕ್ಕೆ ಉತ್ತರ ಹೇಳಿ. ಬಾಯಿಬಿಟ್ಟು ಹೇಳಿ. ಅದೇ ದಿನ ಒಂದು ಸಲ, ಎರಡು ದಿನ ಬಿಟ್ಟು ಇನ್ನೊಂದು ಸಲ, ವಾರದ ಕೊನೆಗೆ ಮತ್ತೊಂದು ಸಲ. ದಿನಾ ಬಸ್‌ನಲ್ಲಿ ಓಡಾಡುವವರಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ನಿಂತುಕೊಂಡು ಪುಸ್ತಕ ಓದಲಾಗುವುದಿಲ್ಲ, ಆದರೆ ನಿನ್ನೆಯ ಐದು ಪ್ರಶ್ನೆ ಮನಸ್ಸಿನಲ್ಲೇ ಕೇಳಿಕೊಳ್ಳಬಹುದು. ಬಸ್ ಇಳಿದ ಮೇಲೆ ಯಾವುದು ಬರಲಿಲ್ಲವೋ ಅದನ್ನಷ್ಟೇ ತೆರೆದು ನೋಡಿ.

ಹೆಜ್ಜೆ 5: ಅಸೈನ್‌ಮೆಂಟನ್ನು ಗೈಡ್ ನೋಡಿ ಇಳಿಸಬೇಡಿ

ಅಸೈನ್‌ಮೆಂಟ್ ಎಂದರೆ ಹಿಂದಿನ ರಾತ್ರಿ ವಿಕಿಪೀಡಿಯ ಅಥವಾ ಗೈಡ್ ಇಟ್ಟುಕೊಂಡು ಹತ್ತು ಪುಟ ತುಂಬಿಸಿ, ರಟ್ಟು ಹಾಕಿಸಿ, ಹೊರಗೆ ಬಣ್ಣದ ಶೀಟು ಅಂಟಿಸುವುದು ಎಂದು ನಂಬಿದವರು ಬಹಳ. ಕೆಲವು ಮೇಷ್ಟ್ರುಗಳೂ ತೂಕ ನೋಡಿ ಅಂಕ ಹಾಕುತ್ತಾರೆ, ಸುಳ್ಳೇಕೆ. ಆದರೂ ಇದೊಂದನ್ನು ಸರಿಯಾಗಿ ಕಲಿತರೆ ಎಂಎ ಪ್ರಾಜೆಕ್ಟ್, ಪಿಎಚ್‌ಡಿ, ಕೆಎಎಸ್ ಮುಖ್ಯ ಪರೀಕ್ಷೆ ಎಲ್ಲದಕ್ಕೂ ಉಪಯೋಗಕ್ಕೆ ಬರುತ್ತದೆ.

ಇತಿಹಾಸದ ಒಂದು ಪ್ರಶ್ನೆ ನೋಡೋಣ: 'ಮೈಸೂರು ಪ್ರಜಾಪ್ರತಿನಿಧಿ ಸಭೆಯ ಮಹತ್ವವನ್ನು ವಿಮರ್ಶಾತ್ಮಕವಾಗಿ ಚರ್ಚಿಸಿ.'

*ಮೊದಲು ಪ್ರಶ್ನೆಯನ್ನು ಒಡೆಯಿರಿ.* ವಿಷಯ ಪ್ರಜಾಪ್ರತಿನಿಧಿ ಸಭೆ. ಕೇಳಿರುವುದು ಅದರ ಮಹತ್ವ, ಪೂರ್ತಿ ಚರಿತ್ರೆ ಅಲ್ಲ. ಮಾಡಬೇಕಾದ ಕೆಲಸ 'ವಿಮರ್ಶಾತ್ಮಕವಾಗಿ ಚರ್ಚಿಸು'. 'ವಿವರಿಸಿ' ಎಂದಿದ್ದರೆ ಏನು, ಹೇಗೆ ಎಂದು ಹೇಳಿದರೆ ಸಾಕಿತ್ತು. 'ಹೋಲಿಸಿ' ಎಂದಿದ್ದರೆ ಎರಡರ ನಡುವಿನ ಸಾಮ್ಯ, ವ್ಯತ್ಯಾಸ. 'ವಿಮರ್ಶಾತ್ಮಕ' ಎಂದರೆ ಬಯ್ಯುವುದಲ್ಲ. ಒಳ್ಳೆಯದೂ ಇದೆ, ಮಿತಿಯೂ ಇದೆ, ಎರಡನ್ನೂ ಆಧಾರ ಕೊಟ್ಟು ತೂಗಿ, ನಿಮ್ಮ ನಿಲುವು ಹೇಳಿ ಎಂದರ್ಥ. ಇಂಗ್ಲಿಷ್‌ನ 'ಎಕ್ಸ್‌ಪ್ಲೇನ್', 'ಕಂಪೇರ್', 'ಕ್ರಿಟಿಕಲಿ ಎಗ್ಸಾಮಿನ್' ಇವಕ್ಕೂ ಇದೇ ಲೆಕ್ಕ.

*ಆಮೇಲೆ ಸಂಗತಿಗಳನ್ನು ಜೋಡಿಸಿ.* ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ, ಚುಟುಕಾಗಿ. 1881ರಲ್ಲಿ ಅಧಿಕಾರ ಬ್ರಿಟಿಷರಿಂದ ಮತ್ತೆ ಒಡೆಯರ ಮನೆತನಕ್ಕೆ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ದಿವಾನ್ ರಂಗಾಚಾರ್ಲು ಕಾಲದಲ್ಲಿ ಮೊದಲ ಸಭೆ, 144 ಸದಸ್ಯರು. ಮೊದಲಿಗೆ ಚುನಾವಣೆ ಇರಲಿಲ್ಲ, ಬಂದವರು ಹೆಚ್ಚಾಗಿ ಜಮೀನುದಾರರು, ವ್ಯಾಪಾರಿಗಳು. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಆಯ್ಕೆಯ ಪದ್ಧತಿ ಬಂತು. 1907ರಲ್ಲಿ ಪ್ರತ್ಯೇಕವಾಗಿ ನ್ಯಾಯವಿಧಾಯಕ ಸಭೆ (ಲೆಜಿಸ್ಲೇಟಿವ್ ಕೌನ್ಸಿಲ್). 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಸ್ಥಾನ.

*ಈಗ ನಿಲುವು.* ಈ ಪಟ್ಟಿಯನ್ನೇ ನೋಡುತ್ತಾ ಕೂತರೆ ಒಂದು ಸಾಲು ಹೊಳೆಯುತ್ತದೆ: 'ಮೊದಲ ನಾಲ್ಕು ದಶಕ ಈ ಸಭೆಗೆ ಅಹವಾಲು ಹೇಳುವ ಅವಕಾಶ ಇತ್ತು, ಸರ್ಕಾರವನ್ನು ಕಟ್ಟಿಹಾಕುವ ಅಧಿಕಾರ ಇರಲಿಲ್ಲ. ಆದರೂ ಅಹವಾಲು ಹೇಳುವ ಅಭ್ಯಾಸದಿಂದಲೇ ಮುಂದಿನ ಹಕ್ಕುಗಳ ಬೇಡಿಕೆಗೆ ನೆಲ ಸಿಕ್ಕಿತು.' ಒಪ್ಪುವುದು ಬಿಡುವುದು ಬೇರೆ, ಇದು ಒಂದು ವಾದ. ಇನ್ನು ಪ್ರತಿ ಪ್ಯಾರಾವೂ ಈ ವಾದಕ್ಕೆ ಏನಾದರೂ ಸೇರಿಸಬೇಕು. ಸೇರಿಸದ ಪ್ಯಾರಾ, ಎಷ್ಟೇ ಚೆಂದವಿದ್ದರೂ, ತೆಗೆದುಹಾಕಿ. ಅರಮನೆಯ ವರ್ಣನೆ, ದಸರೆಯ ವೈಭವ, ಎಲ್ಲ ಹೊರಗೆ.

*ಬೇರೆಯವರ ಮಾತು ಬಳಸುವುದು.* ಒಂದು ಗೈಡಿನಲ್ಲಿ ಹೀಗಿದೆ ಅಂದುಕೊಳ್ಳಿ: 'ಪ್ರಜಾಪ್ರತಿನಿಧಿ ಸಭೆಯು ಜನರು ಮತ್ತು ಸರ್ಕಾರದ ನಡುವೆ ಸಂಪರ್ಕ ಸೇತುವೆಯಾಗಿ ಕಾರ್ಯನಿರ್ವಹಿಸಿ ಮೈಸೂರನ್ನು ಮಾದರಿ ಸಂಸ್ಥಾನವನ್ನಾಗಿ ರೂಪಿಸಿತು.' ಇದನ್ನು 'ಜನತೆ ಹಾಗೂ ಸರ್ಕಾರದ ಮಧ್ಯೆ ಸಂಪರ್ಕ ಸೇತುವೆಯಂತೆ ಕೆಲಸ ಮಾಡಿ ಮೈಸೂರನ್ನು ಮಾದರಿ ರಾಜ್ಯವಾಗಿಸಿತು' ಎಂದು ಬರೆದರೆ ಅದು ನಕಲೇ. ಪದ ಬದಲಾಗಿದೆ, ವಾಕ್ಯದ ಎಲುಬು ಹಾಗೇ ಇದೆ. ಸರಿಯಾದ ದಾರಿ: ಗೈಡ್ ಮುಚ್ಚಿಡಿ. ಅದು ಹೇಳಿದ್ದೇನು ಎಂದು ಗೆಳೆಯನಿಗೆ ಹೇಳಿ. ಹೇಳಿದ್ದನ್ನೇ ಬರೆಯಿರಿ. 'ಜನರ ದೂರು ದಿವಾನರ ಕಿವಿಗೆ ನೇರವಾಗಿ ಬೀಳುವ ದಾರಿ ಈ ಸಭೆಯಿಂದ ಆಯಿತು ಎನ್ನುವ ಲೇಖಕರು, ಮೈಸೂರಿಗೆ ಬಂದ ಮಾದರಿ ಸಂಸ್ಥಾನ ಎಂಬ ಹೆಸರಿಗೂ ಇದನ್ನೇ ಕಾರಣವಾಗಿ ಕೊಡುತ್ತಾರೆ. ಆದರೆ ಆ ದೂರುಗಳಲ್ಲಿ ಎಷ್ಟಕ್ಕೆ ಪರಿಹಾರ ಸಿಕ್ಕಿತು ಎಂದು ಹೇಳುವುದಿಲ್ಲ.' ಮೂಲ ಯಾವುದೆಂದು ಪಕ್ಕದಲ್ಲೇ ನಮೂದಿಸಿ. ಕೊನೆಯ ಸಾಲು ನಿಮ್ಮದು, ಅಂಕ ಸಿಗುವುದು ಅದಕ್ಕೇ.

ಮೂಲ ನಮೂದಿಸಲು ಲೇಖಕರ ಹೆಸರು, ಪ್ರಕಟವಾದ ವರ್ಷ, ಪುಸ್ತಕದ ಹೆಸರು, ಪ್ರಕಾಶಕರು, ಪುಟ ಇಷ್ಟು ಬೇಕು. ಎಪಿಎ, ಎಂಎಲ್‌ಎ ಎಂಬ ಶೈಲಿಗಳಲ್ಲಿ ಇವುಗಳ ಕ್ರಮ ಬೇರೆ ಬೇರೆ. ಯಾವುದು ಬೇಕೆಂದು ಮೇಷ್ಟ್ರನ್ನು ಕೇಳಿ, ಒಂದನ್ನೇ ಕೊನೆಯವರೆಗೆ ಬಳಸಿ. ಪುಸ್ತಕವನ್ನು ಲೈಬ್ರರಿಗೆ ವಾಪಸ್ ಕೊಡುವ ಮೊದಲು ಅದರ ಒಳಪುಟದ ಫೋಟೊ ತೆಗೆದಿಡಿ. ಈ ಒಂದು ಅಭ್ಯಾಸ ಪ್ರಾಜೆಕ್ಟ್ ಸಮಯದಲ್ಲಿ ಎಷ್ಟು ಓಡಾಟ ತಪ್ಪಿಸುತ್ತದೆ ಅಂತ ಆಗ ಗೊತ್ತಾಗುತ್ತದೆ. ಜಾಸ್ತಿ ಮೂಲಗಳಿದ್ದರೆ ಅವನ್ನು ಜೋಡಿಸಿಡಲು ಜೊಟೆರೊ ಎಂಬ ಉಚಿತ ತಂತ್ರಾಂಶ ಇದೆ.

ಎಂಎ ಪ್ರಬಂಧ, ಪಿಎಚ್‌ಡಿಯವರು ಯುಜಿಸಿಯ 2018ರ ಕೃತಿಚೌರ್ಯ ನಿಯಮಾವಳಿಯನ್ನು ಒಮ್ಮೆ ಓದಿಕೊಳ್ಳಿ. ಬೇರೆಯವರ ಬರಹದ ಜೊತೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆ ಇಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಸರಿಯಾಗಿ ನಮೂದಿಸಿದ ಉದ್ಧರಣೆ ಮತ್ತು ಗ್ರಂಥಋಣದ ಪಟ್ಟಿ ಈ ಲೆಕ್ಕಕ್ಕೆ ಬರುವುದಿಲ್ಲ.

ಕನ್ನಡದಲ್ಲಿ ಟೈಪ್ ಮಾಡುವವರು ಯೂನಿಕೋಡ್ ಬಳಸಿ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಡಿಟಿಪಿ ಅಂಗಡಿಯಲ್ಲಿ ಮಾಡಿಸುವುದಾದರೆ ಇದನ್ನು ಮೊದಲೇ ಹೇಳಿ. ಟೈಪಿಂಗ್ ನಿಧಾನ ಎನ್ನುವವರು ಮೊಬೈಲಿನ ಧ್ವನಿ ಟೈಪಿಂಗ್‌ನಲ್ಲಿ ಕನ್ನಡ ಆರಿಸಿ ಮಾತಾಡಿ. ಮೊದಲ ಕರಡಿಗೆ ಅಷ್ಟು ಸಾಕು.

ಚಾಟ್‌ಜಿಪಿಟಿ ಮೊದಲಾದವು? 'ಈ ಪಾಠದ ಮೇಲೆ ನನಗೆ ಹತ್ತು ಪ್ರಶ್ನೆ ಕೇಳು', 'ಈ ಪ್ಯಾರಾವನ್ನು ಸರಳ ಕನ್ನಡದಲ್ಲಿ ಹೇಳು', 'ನಾನು ಬರೆದ ಇಂಗ್ಲಿಷ್‌ನಲ್ಲಿ ವ್ಯಾಕರಣ ತಪ್ಪು ತೋರಿಸು' ಎಂದು ಕೇಳಲು ಒಳ್ಳೆಯದು. 'ಅಸೈನ್‌ಮೆಂಟ್ ಬರೆದುಕೊಡು' ಎಂದರೆ ಬರೆದೂ ಕೊಡುತ್ತದೆ, ಜೊತೆಗೆ ಲೋಕದಲ್ಲೇ ಇಲ್ಲದ ಪುಸ್ತಕಗಳ ಹೆಸರನ್ನೂ ಅಷ್ಟೇ ಧೈರ್ಯವಾಗಿ ಕೊಡುತ್ತದೆ. ಲೈಬ್ರರಿಯ ಕ್ಯಾಟಲಾಗ್‌ನಲ್ಲೋ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲೋ ನೀವೇ ಕಣ್ಣಾರೆ ನೋಡದ ಯಾವ ಮೂಲವನ್ನೂ ಪಟ್ಟಿಗೆ ಹಾಕಬೇಡಿ.

ಹೆಜ್ಜೆ 6: ಸೆಮಿನಾರ್

ಸ್ಲೈಡ್ ಓದಬೇಡಿ. ಒಂದು ಸ್ಲೈಡಿಗೆ ನಾಲ್ಕು ಸಾಲು ಸಾಕು. ಇಂಗ್ಲಿಷ್‌ನಲ್ಲೇ ಮಾತಾಡಬೇಕೆಂದರೆ ಮೊದಲ ಎರಡು ವಾಕ್ಯ ಮತ್ತು ಕೊನೆಯ ಎರಡು ವಾಕ್ಯ ಬಾಯಿಪಾಠ ಮಾಡಿ. ನಡುವಿನದ್ದಕ್ಕೆ ಚಿಕ್ಕ ಚಿಕ್ಕ ವಾಕ್ಯ. ನಡುವೆ ಸಿಕ್ಕಿಹಾಕಿಕೊಂಡರೆ 'ಇದನ್ನು ಕನ್ನಡದಲ್ಲಿ ಹೇಳಲಾ ಮೇಡಂ' ಎಂದು ಕೇಳಿ. ಬೇಡ ಎನ್ನುವವರು ಕಡಿಮೆ.

ಹೆಜ್ಜೆ 7: ಪರೀಕ್ಷೆಯಲ್ಲಿ ಉತ್ತರ ಕಟ್ಟುವುದು

ಅಂಕಕ್ಕೆ ತಕ್ಕ ಸಮಯ ಕೊಡಿ. ಮೂರು ಗಂಟೆ, 80 ಅಂಕ ಎಂದರೆ ಒಂದು ಅಂಕಕ್ಕೆ ಎರಡು ನಿಮಿಷ, ಮಿಕ್ಕ 20 ನಿಮಿಷ ಪ್ರಶ್ನೆ ಓದಲು ಮತ್ತು ಕೊನೆಗೆ ತಿರುವಿ ನೋಡಲು. ಹತ್ತು ಅಂಕದ ಪ್ರಶ್ನೆಗೆ 20 ನಿಮಿಷ. ಗೊತ್ತಿರುವ ಪ್ರಶ್ನೆ ಎಂದು ಅದಕ್ಕೇ 45 ನಿಮಿಷ ಕೊಟ್ಟು, ಕೊನೆಯ ಎರಡು ಪ್ರಶ್ನೆ ಖಾಲಿ ಬಿಟ್ಟು ಬರುವವರು ಪ್ರತಿ ಹಾಲಿನಲ್ಲೂ ಇರುತ್ತಾರೆ. ಖಾಲಿ ಬಿಟ್ಟದ್ದಕ್ಕೆ ಸೊನ್ನೆ ಖಚಿತ. ಅರ್ಧ ಪುಟ ಬರೆದರೂ ಎರಡು ಮೂರು ಅಂಕ ಬರುತ್ತದೆ.

ಬರೆಯುವ ಮೊದಲು, ಉತ್ತರಪತ್ರಿಕೆಯ ಕೊನೆಯ ಪುಟದಲ್ಲಿ ಎರಡು ನಿಮಿಷ ಅಂಶಗಳನ್ನು ಕನ್ನಡದಲ್ಲೇ ಗೀಚಿ. ಆಮೇಲೆ ಅಡ್ಡಗೆರೆ ಎಳೆದು 'ರಫ್' ಎಂದು ಬರೆದರಾಯಿತು. ಇಂಗ್ಲಿಷ್‌ನಲ್ಲಿ ಬರೆಯುವವರು ಉದ್ದ ವಾಕ್ಯದ ಆಸೆ ಬಿಡಿ. ಒಂದು ವಾಕ್ಯದಲ್ಲಿ ಒಂದೇ ವಿಷಯ. ವಿಷಯದ ಪದ ಸರಿಯಾಗಿದ್ದು, ಚಿತ್ರ ಅಥವಾ ಲೆಕ್ಕ ಸರಿಯಿದ್ದರೆ, ವ್ಯಾಕರಣ ಸ್ವಲ್ಪ ಆಚೀಚೆ ಆದರೂ ಮೌಲ್ಯಮಾಪಕರಿಗೆ ನಿಮಗೆ ಗೊತ್ತಿದೆ ಎಂದು ಕಾಣುತ್ತದೆ. ಬಾಯಿಪಾಠ ಮಾಡಿದ ಸುಂದರ ಪ್ಯಾರಾದ ನಡುವೆ ಒಂದು ಸಾಲು ಮರೆತರೆ ಮುಂದಿನದೆಲ್ಲ ಕೈಕೊಡುತ್ತದೆ.

ಹೆಜ್ಜೆ 8: ಸಹಾಯ ಕೇಳುವುದು

'ಸರ್, ಏನೂ ಅರ್ಥ ಆಗ್ತಿಲ್ಲ' ಎಂದರೆ ಯಾವ ಮೇಷ್ಟ್ರಿಗೂ ಎಲ್ಲಿಂದ ಶುರು ಮಾಡಬೇಕು ಎಂದು ತಿಳಿಯುವುದಿಲ್ಲ. 'ಸರ್, ದೋಸೆ ಉದಾಹರಣೆ ಗೊತ್ತಾಯ್ತು. ಆದರೆ ಗ್ರಾಫ್‌ನಲ್ಲಿ ಒಂದೇ ಗೆರೆಯ ಮೇಲೆ ಇಲಾಸ್ಟಿಸಿಟಿ ಬೇರೆ ಬೇರೆ ಹೇಗಾಗುತ್ತೆ?' ಎಂದು ಕೇಳಿ. ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ತರಗತಿಯಲ್ಲಿ ಎದ್ದು ನಿಲ್ಲಲು ನಾಚಿಕೆಯಾದರೆ ಸ್ಟಾಫ್‌ರೂಮಿಗೆ ಹೋಗಿ, ಇಬ್ಬರು ಸೇರಿ ಹೋಗಿ.

ಲೈಬ್ರರಿಯನ್ ಅನ್ನು ಪರಿಚಯ ಮಾಡಿಕೊಳ್ಳಿ. ನಿಮ್ಮ ಕಾಲೇಜು ಇನ್‌ಫ್ಲಿಬ್‌ನೆಟ್‌ನ (ಯುಜಿಸಿಯ ಗ್ರಂಥಾಲಯ ಜಾಲದ ಕೇಂದ್ರ) ಎನ್-ಲಿಸ್ಟ್ ಯೋಜನೆಗೆ ಸದಸ್ಯನಾಗಿದ್ದರೆ ಸಾವಿರಾರು ಇ-ಜರ್ನಲ್, ಲಕ್ಷಗಟ್ಟಲೆ ಇ-ಪುಸ್ತಕಗಳಿಗೆ ನಿಮಗೂ ಲಾಗಿನ್ ಸಿಗುತ್ತದೆ. ಕಾಲೇಜು ಅದಕ್ಕೆ ಆಗಲೇ ಹಣ ಕಟ್ಟಿರುತ್ತದೆ, ವಿದ್ಯಾರ್ಥಿಗಳು ಕೇಳುವುದಿಲ್ಲ ಅಷ್ಟೇ. ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ರೆಮಿಡಿಯಲ್ ತರಗತಿಗಳು (ಹಿಂದುಳಿದ ಪಾಠಗಳಿಗೆ ಹೆಚ್ಚುವರಿ ತರಗತಿ) ಇವೆಯಾ ಎಂದೂ ಕಚೇರಿಯಲ್ಲಿ ವಿಚಾರಿಸಿ. ಮೆಂಟರ್ ಯಾರು ಎಂದು ಗೊತ್ತಿಲ್ಲದಿದ್ದರೆ ವಿಭಾಗದ ಮುಖ್ಯಸ್ಥರನ್ನು ಕೇಳಿ.

ಬ್ಯಾಕ್‌ಲಾಗ್ ಸೇರಿಕೊಂಡು, ನಿದ್ದೆ ಊಟ ಸೇರದೆ, ಹಾಸ್ಟೆಲ್ ರೂಮಿನಿಂದ ಹೊರಗೇ ಬರಲು ಮನಸ್ಸಿಲ್ಲ ಅನ್ನುವ ಹಂತಕ್ಕೆ ಬಂದರೆ ಅದು ಓದಿನ ಕೌಶಲದ ಪ್ರಶ್ನೆ ಅಲ್ಲ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್, 14416ಕ್ಕೆ ಕರೆ ಮಾಡಿ. ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಫಲಿತಾಂಶ ಬಂದ ಮೇಲೂ ಕಲಿಯಲು ಒಂದು ಅವಕಾಶ ಇದೆ, ಯಾರೂ ಬಳಸಿಕೊಳ್ಳುವುದಿಲ್ಲ. ಅಂಕ ಯಾಕೆ ಕಡಿಮೆಯಾಯಿತು ಎಂದು ತಿಳಿಯದಿದ್ದರೆ ಉತ್ತರಪತ್ರಿಕೆಯ ನಕಲಿಗೆ ಅರ್ಜಿ ಹಾಕಿ. ವಿದ್ಯಾರ್ಥಿಗೆ ತನ್ನ ಮೌಲ್ಯಮಾಪನಗೊಂಡ ಉತ್ತರಪತ್ರಿಕೆ ನೋಡುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯಡಿ ಇದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನಕಲು ಕೈಗೆ ಬಂದಾಗ ಮರುಮೌಲ್ಯಮಾಪನಕ್ಕೆ ಹಾಕುವುದೋ ಬೇಡವೋ ಎನ್ನುವುದು ಎರಡನೇ ಮಾತು. ಮೊದಲು ಪ್ರತಿ ಉತ್ತರದ ಪಕ್ಕ ಸಿಕ್ಕ ಅಂಕ ನೋಡಿ. ವಿಷಯ ಗೊತ್ತಿದ್ದೂ ಅಂಕ ಹೋಗಿದೆಯಾ, ಪ್ರಶ್ನೆ ತಪ್ಪಾಗಿ ಓದಿದ್ದೀರಾ, ಸಮಯ ಸಾಲದೆ ನಿಲ್ಲಿಸಿದ್ದೀರಾ ಎಂದು ಬೇರೆ ಬೇರೆಯಾಗಿ ಗುರುತು ಹಾಕಿ. ಅರ್ಜಿಗೆ ಕೊನೆಯ ದಿನಾಂಕ ಫಲಿತಾಂಶದ ಸುತ್ತೋಲೆಯಲ್ಲೇ ಇರುತ್ತದೆ, ಸಾಮಾನ್ಯವಾಗಿ ಕೆಲವೇ ದಿನ ಕೊಡುತ್ತಾರೆ.